ಬರಿಗಾಲ ನಿರ್ದೇಶಕ ಜಿ.ವಿ. ಅಯ್ಯರ್: ಸಾರ್ವಜನಿಕ ಹಣ ಸಾರ್ಥಕವಾದ ಬಗೆ

ಆಸ್ಪತ್ರೆ, ರಸ್ತೆ, ಶಾಲೆಗಳಿಗೇ ಹಣ ಸಾಲದಿರುವಾಗ ಸರಕಾರ ಸಿನಿಮಾಕ್ಕೆ ಏಕೆ ಹಣ ಕೊಡಬೇಕು? ಈ ಪ್ರಶ್ನೆ ಆಗಾಗ ಕೇಳಿಬರುತ್ತದೆ. ಇದಕ್ಕೆ ಉತ್ತರ ಹುಡುಕುವವರು ಕನ್ನಡ ಚಿತ್ರರಂಗದ ಹಿರಿಯ ಚೇತನ ಜಿ.ವಿ. ಅಯ್ಯರ್ ಅವರ ಬದುಕನ್ನು ಒಮ್ಮೆ ನೋಡಬೇಕು.

ಗಣಪತಿ ವೆಂಕಟರಮಣ ಅಯ್ಯರ್ ಅವರು 1917ರ ಸೆಪ್ಟೆಂಬರ್ 3ರಂದು ನಂಜನಗೂಡಿನಲ್ಲಿ ಜನಿಸಿದರು. ಬಾಲ್ಯದಲ್ಲೇ ಗುಬ್ಬಿ ವೀರಣ್ಣನವರ ನಾಟಕ ಕಂಪೆನಿ ಸೇರಿದರು. ಅವರಿಗೆ ಶಾಲೆಯೂ ಅದೇ, ಮನೆಯೂ ಅದೇ ಆಯಿತು. 1943ರಲ್ಲಿ 'ರಾಧಾರಮಣ' ಚಿತ್ರದ ಮೂಲಕ ಸಿನಿಮಾಕ್ಕೆ ಬಂದರು. 1954ರಲ್ಲಿ 'ಬೇಡರ ಕಣ್ಣಪ್ಪ'ದಿಂದ ರಾಜಕುಮಾರ್ ನಾಯಕರಾದಾಗ ಅಯ್ಯರ್ ಕೂಡ ಆ ಚಿತ್ರದಲ್ಲಿದ್ದರು.

ಆ ದಿನಗಳಲ್ಲಿ ಕನ್ನಡ ಚಿತ್ರಗಳ ಸಂಖ್ಯೆ ತೀರಾ ಕಡಿಮೆ. ಸ್ಟುಡಿಯೋಗಳು ಹೆಚ್ಚಾಗಿ ಮದರಾಸಿನಲ್ಲಿದ್ದವು. ಕಲಾವಿದರಿಗೆ ವರ್ಷವಿಡೀ ಕೆಲಸ ಇರಲಿಲ್ಲ. ಆಗ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು ಮತ್ತು ಅಯ್ಯರ್ ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿದರು. ಊರೂರು ಸುತ್ತಿ ನಾಟಕ ಆಡಿದರು. 1960ರಲ್ಲಿ ಸಂಘದಿಂದಲೇ 'ರಣಧೀರ ಕಂಠೀರವ' ಚಿತ್ರವನ್ನು ತೆರೆಗೆ ತಂದರು. ಸರಕಾರದ ನೆರವು ಬರುವ ಮೊದಲು ಈ ಉದ್ಯಮವನ್ನು ಉಳಿಸಿದ್ದು ಕಲಾವಿದರ ಬೆವರು ಮತ್ತು ಟಿಕೆಟು ಕೊಂಡ ಜನರ ಪ್ರೀತಿ.

ಹೊರಗಿನ ಆಶ್ರಯ ಎಷ್ಟಿತ್ತು ಎಂಬುದಕ್ಕೆ ಇನ್ನೊಂದು ಉದಾಹರಣೆ ಇದೆ. ಶಿಲ್ಪಿ ಜಕಣಾಚಾರಿಯ ಐತಿಹ್ಯ ಬೇಲೂರು, ಹಳೇಬೀಡು, ಮಾದಿಹಳ್ಳಿ ಕಡೆಯ ಜನರಿಗೆ ಮನೆಮಾತು. ಆದರೆ ಅದೇ ಕಥೆಯನ್ನು ಹೇಳುವ, ಕನ್ನಡದ ಮೊದಲ ಪೂರ್ಣ ವರ್ಣಚಿತ್ರ 'ಅಮರಶಿಲ್ಪಿ ಜಕಣಾಚಾರಿ' 1964ರಲ್ಲಿ ಬಂದದ್ದು ಮದರಾಸಿನಲ್ಲಿ ಸ್ಟುಡಿಯೋ ಹೊಂದಿದ್ದ ಬಿ.ಎಸ್. ರಂಗಾ ಅವರಿಂದ. ಕಥೆ ನಮ್ಮದಾದರೂ ಅದನ್ನು ಚಿತ್ರವಾಗಿಸುವ ಸೌಕರ್ಯ ನಮ್ಮಲ್ಲಿರಲಿಲ್ಲ. ಮೈಸೂರು ರಾಜ್ಯ ಸರಕಾರ 1960ರ ದಶಕದ ಉತ್ತರಾರ್ಧದಲ್ಲಿ ಸಹಾಯಧನ ಮತ್ತು ರಾಜ್ಯ ಪ್ರಶಸ್ತಿಗಳನ್ನು ಆರಂಭಿಸಿದ್ದು ಈ ಕೊರತೆಯನ್ನು ನೀಗಿಸಲೆಂದೇ.

ಅಯ್ಯರ್ ಅವರು 'ಭೂದಾನ', 'ತಾಯಿ ಕರುಳು', 'ಪೋಸ್ಟ್ ಮಾಸ್ಟರ್' ಮುಂತಾದ ಜನಪ್ರಿಯ ಚಿತ್ರಗಳನ್ನು ನಿರ್ದೇಶಿಸಿ ಹೆಸರು ಮಾಡಿದ್ದರು. ಅದೇ ದಾರಿಯಲ್ಲಿ ನಡೆದಿದ್ದರೆ ಸುಖವಾಗಿ ಇರಬಹುದಿತ್ತು. ಆದರೆ ಐವತ್ತು ದಾಟಿದ ಮೇಲೆ ಅವರು ಹೊಸ ದಾರಿ ಹಿಡಿದರು. ಹಾಸನ ಜಿಲ್ಲೆಯ ಸಂತೇಶಿವರದವರಾದ ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ' ಕಾದಂಬರಿಯನ್ನು ಚಿತ್ರವಾಗಿ ನಿರ್ಮಿಸಿದರು. ನಿರ್ದೇಶನವನ್ನು ಗಿರೀಶ್ ಕಾರ್ನಾಡ್ ಹಾಗೂ ನಮ್ಮ ಬಂಟ್ವಾಳ ತಾಲೂಕಿನ ಮಂಚಿಯ ಬಿ.ವಿ. ಕಾರಂತರಿಗೆ ವಹಿಸಿದರು. ಇಬ್ಬರಿಗೂ ಅದು ಮೊದಲ ನಿರ್ದೇಶನ. ಅವರಿಗೆ ರಾಷ್ಟ್ರಪ್ರಶಸ್ತಿಯೇ ಬಂತು. ಮುಂದೆ ದೊಡ್ಡ ನಟರಾದ ವಿಷ್ಣುವರ್ಧನ್ ಇದೇ ಚಿತ್ರದಿಂದ ಬೆಳಕಿಗೆ ಬಂದರು. 1975ರಲ್ಲಿ ತ.ರಾ.ಸು. ಅವರ ಕಾದಂಬರಿ ಆಧರಿಸಿ ಅಯ್ಯರ್ ಅವರೇ ನಿರ್ದೇಶಿಸಿದ 'ಹಂಸಗೀತೆ' ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು.

ಅವರ ದೊಡ್ಡ ಸಾಹಸ 1983ರ 'ಆದಿ ಶಂಕರಾಚಾರ್ಯ'. ಇದು ಭಾರತದ ಮೊದಲ ಸಂಸ್ಕೃತ ಚಲನಚಿತ್ರ. ಲಾಭ ನೋಡುವ ಯಾವ ವ್ಯಾಪಾರಿ ಇಂತಹ ಚಿತ್ರಕ್ಕೆ ಹಣ ಹಾಕಿಯಾನು? ಕೇಂದ್ರ ಸರಕಾರದ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ ಮುಂದೆ ಬಂತು. ಚಿತ್ರ ಸ್ವರ್ಣ ಕಮಲ ಸೇರಿ 4 ರಾಷ್ಟ್ರಪ್ರಶಸ್ತಿ ಗಳಿಸಿತು. ಮುಂದೆ ಅವರು ಕನ್ನಡದಲ್ಲಿ 'ಮಧ್ವಾಚಾರ್ಯ', ತಮಿಳಿನಲ್ಲಿ 'ರಾಮಾನುಜಾಚಾರ್ಯ', ಸಂಸ್ಕೃತದಲ್ಲಿ 'ಭಗವದ್ಗೀತೆ' ಮಾಡಿದರು. 'ಭಗವದ್ಗೀತೆ'ಗೂ ಸ್ವರ್ಣ ಕಮಲ ಬಂತು. ಕಾಲಿಗೆ ಚಪ್ಪಲಿ ಹಾಕದೆ ನಡೆಯುತ್ತಿದ್ದ ಅವರನ್ನು ಜನ ಬರಿಗಾಲ ನಿರ್ದೇಶಕ ಎಂದೇ ಕರೆದರು. 2003ರ ಡಿಸೆಂಬರ್ 21ರಂದು ಮುಂಬಯಿಯಲ್ಲಿ ಅವರು ನಿಧನರಾದರು.

ಅಯ್ಯರ್ ಅವರ ಬದುಕು ಕಲಿಸುವ ಪಾಠ ಸರಳ. ಜನ ತಾವಾಗಿ ನೋಡುವ ಚಿತ್ರಕ್ಕೆ ಮಾರುಕಟ್ಟೆಯೇ ಸಾಕು. ಮಾರುಕಟ್ಟೆ ಕೈಬಿಟ್ಟ ಭಾಷೆಗೆ, ಕಥೆಗೆ, ಹೊಸಬರಿಗೆ ಸಾರ್ವಜನಿಕ ಹಣ ಬೇಕು. ಸಹಾಯಧನಕ್ಕಾಗಿಯೇ ಸುತ್ತಿದ, ಯಾರೂ ನೋಡದ ಚಿತ್ರಗಳಿಗೆ ಹಣ ಹೋದರೆ ಅದು ಪೋಲು. ಆಯ್ಕೆ ಪ್ರಾಮಾಣಿಕವಾಗಿದ್ದರೆ ಮಾತ್ರ ಅದು ಬೆಳೆಗೆ ಹಾಕಿದ ಗೊಬ್ಬರ.

ಈ ಮಾತು ಕರಾವಳಿಯ ನಮಗೆ ಹೆಚ್ಚು ಅನ್ವಯಿಸುತ್ತದೆ. ಕೊಂಕಣಿಯ ಮೊದಲ ಚಿತ್ರ ಬಂದದ್ದು 1950ರಲ್ಲಿ, ತುಳುವಿನದು 1971ರಲ್ಲಿ. 2011ನೇ ಸಾಲಿನ ಸ್ವರ್ಣ ಕಮಲವನ್ನು ಮರಾಠಿ ಚಿತ್ರವೊಂದರ ಜೊತೆ ಹಂಚಿಕೊಂಡದ್ದು ನಮ್ಮ ನೆರೆಯವರ 'ಬ್ಯಾರಿ' ಭಾಷೆಯ ಚಿತ್ರ. ಆಡುವವರು ಕಡಿಮೆ ಇರುವ ಭಾಷೆಗೆ ಮಾರುಕಟ್ಟೆ ಎಂದೂ ಚಿಕ್ಕದೇ. ಅದಕ್ಕೆ ನೆರವು ಕೇಳುವುದು ಭಿಕ್ಷೆಯಲ್ಲ. ಆದರೆ ಸರಕಾರ ಹಣ ಕೊಟ್ಟರೂ ನೋಡುವವರನ್ನು ಕೊಡಲಾರದು. ನಮ್ಮ ಭಾಷೆಯ ಒಳ್ಳೆಯ ಚಿತ್ರ ಊರಿಗೆ ಬಂದಾಗ ಮನೆಮಂದಿಯೊಂದಿಗೆ ಹೋಗಿ ನೋಡೋಣ, ಚರ್ಚ್ ಸಭಾಂಗಣಗಳಲ್ಲಿ ಅನುಮತಿ ಪಡೆದು ತೋರಿಸೋಣ. ಆ ಕೆಲಸ ನಮ್ಮದು.