ಮಕ್ಕಳ ಗುರು ಪಂಜೆ ಮಂಗೇಶರಾಯರು

ಮಹನೀಯರ ಚರಿತ್ರೆ ಎಂದೊಡನೆ ರಾಜ್ಯ ಕಟ್ಟಿದವರೂ ಸೆರೆಮನೆ ಸೇರಿದವರೂ ನಮ್ಮ ಕಣ್ಣಮುಂದೆ ನಿಲ್ಲುತ್ತಾರೆ. ಒಂದನೆಯ ಇಯತ್ತೆಯ ಕೂಸಿನ ಮಾತಿಗೆ ಕಿವಿಗೊಟ್ಟವರನ್ನು ನೆನೆಯುವುದು ಅಪರೂಪ. ಪದವಿ ಮುಗಿದ ಬಳಿಕ ಪ್ರಾಥಮಿಕ ಶಾಲೆಯ ಶಿಕ್ಷಕನಾಗಬೇಕೆಂಬ ನನ್ನ ಬಯಕೆಯನ್ನು ಕೇಳಿ, ಬಿ. ಎ. ಓದಿ ಅಂಕಲಿಪಿ ಕಲಿಸಹೊರಟೆಯಾ ಎಂದು ಗೆಳೆಯರು ನಗುವುದುಂಟು. ಸಣ್ಣ ಮಕ್ಕಳ ಮುಂದೆ ನಿಲ್ಲುವುದು ಸಣ್ಣ ಕೆಲಸವೇ? ಪಂಜೆ ಮಂಗೇಶರಾಯರ ಬಾಳೇ ಇದಕ್ಕೆ ಉತ್ತರವೆಂದು ನಾನು ತಿಳಿದಿದ್ದೇನೆ.

ಪಂಜೆಯವರು 1874ನೆಯ ಇಸವಿ ಫೆಬ್ರವರಿ 22ರಂದು ದಕ್ಷಿಣ ಕನ್ನಡದ ಬಂಟ್ವಾಳದಲ್ಲಿ ಹುಟ್ಟಿದರು. ಮನೆಯ ಮಾತು ಕೊಂಕಣಿ, ಬೀದಿಯ ಮಾತು ತುಳು, ಪುಸ್ತಕದ ಮಾತು ಕನ್ನಡ. ಮನೆಯಲ್ಲಿ ಆಡದ ಭಾಷೆಯನ್ನು ಶಾಲೆಯಲ್ಲಿ ಕಲಿಯುವ ಮಗುವಿನ ಪಾಡು ಅವರಿಗೆ ಓದಿನಿಂದಲ್ಲ, ಬಾಳಿನಿಂದಲೇ ಗೊತ್ತಿತ್ತು. ಕಷ್ಟಪಟ್ಟು ಓದಿ ಪದವೀಧರರಾದರು. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಅನಂತರ ಶಾಲೆಗಳ ಇನ್‌ಸ್ಪೆಕ್ಟರರಾಗಿ ಹಳ್ಳಿಹಳ್ಳಿ ತಿರುಗಿದರು. ಮುಂದೆ ಮಡಿಕೇರಿಯ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ಅಲ್ಲಿ ಅವರು ಬರೆದ ಹುತ್ತರಿಯ ಹಾಡು ಕೊಡಗಿನ ಜನರ ಬಾಯಲ್ಲಿ ನೆಲೆಯೂರಿತು.

ಆ ಕಾಲದಲ್ಲಿ ಇನ್‌ಸ್ಪೆಕ್ಟರು ಬಂದರೆಂದರೆ ಮಾಸ್ತರರ ಎದೆಯೇ ನಡುಗುತ್ತಿತ್ತು. ಮಕ್ಕಳ ಗತಿ ಹೇಳಬೇಕೇ? ಪಂಜೆಯವರಾದರೋ ತಪಾಸಣೆಗೆ ಬಂದು ಮಕ್ಕಳ ನಡುವೆ ಹಾಡುತ್ತಿದ್ದರು, ಕತೆ ಹೇಳುತ್ತಿದ್ದರು, ಅಭಿನಯಿಸಿ ನಗಿಸುತ್ತಿದ್ದರು. ಅಂಜಿದ ಮಗುವಿನ ಬಾಯಿಂದ ಬರುವುದು ಗಿಣಿಪಾಠ. ನಕ್ಕ ಮಗುವಿನ ಬಾಯಿಂದ ಬರುವುದು ಅದರ ಸ್ವಂತ ಮಾತು. ಈ ಭೇದವನ್ನು ಅವರು ಬಲ್ಲವರಾಗಿದ್ದರು.

ಅವರ ಬರವಣಿಗೆಯೂ ಇದೇ ಹಾದಿಯದು. ‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬ ಕತೆಯಲ್ಲಿ ಒಂದು ಪ್ರಶ್ನೆಯ ಉತ್ತರವೇ ಇನ್ನೊಂದು ಪ್ರಶ್ನೆಯನ್ನು ಹುಟ್ಟಿಸುತ್ತದೆ. ಕಾರ್ಯಕಾರಣ ಎಂಬ ದೊಡ್ಡ ಮಾತು ಅಲ್ಲಿಲ್ಲ. ಆದರೆ ಕತೆ ಮುಗಿಯುವಷ್ಟರಲ್ಲಿ ಮಗು ಅದನ್ನು ಕಲಿತಿರುತ್ತದೆ. ‘ನಾಗರಹಾವೆ’ ಪದ್ಯದಲ್ಲಿ ಮಗು ಹಾವನ್ನು ಹಾಲಿನ ಆಸೆ ತೋರಿ ಕರೆಯುತ್ತದೆ, ಕೊನೆಗೆ ಕೈಮುಗಿದು ಕಳುಹಿಸುತ್ತದೆ. ಕುತೂಹಲವೂ ಭಯವೂ ಒಟ್ಟಿಗೆ ಇರುವ ಎಳೆಯ ಮನಸ್ಸನ್ನು ಹೀಗೆ ಗೌರವಿಸಿದವರು ವಿರಳ. ಅವರ ಪಾಠಗಳು ಮಂಗಳೂರಿನ ಬಾಸೆಲ್ ಮಿಷನ್ನಿನ ಪಠ್ಯಪುಸ್ತಕಗಳ ಮೂಲಕ ಮನೆಮನೆಗೆ ತಲುಪಿದವು. ಮಕ್ಕಳ ಪುಸ್ತಕಗಳಿಗಾಗಿಯೇ ಬಾಲಸಾಹಿತ್ಯ ಮಂಡಲವನ್ನೂ ಕಟ್ಟಿದರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪೀಠ ಅವರನ್ನು ಅರಸಿ ಬಂದಿತು. 1937ರಲ್ಲಿ ಹೈದರಾಬಾದಿನಲ್ಲಿ ಅವರು ತೀರಿಕೊಂಡರು.

ಕರಾವಳಿಯ ಈ ಗುರುಗಳು ನಮ್ಮ ಬ್ಯಾಡಗಿಗೆ ಏನು ಹೇಳಿಯಾರು? ನಮ್ಮ ಶಾಲೆಗಳಲ್ಲಿಯೂ ಲಂಬಾಣಿ ಆಡುವ ಮಕ್ಕಳಿದ್ದಾರೆ, ಉರ್ದು ಆಡುವ ಮಕ್ಕಳಿದ್ದಾರೆ. ತಾಯಿ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋದಾಗ ತಮ್ಮನನ್ನು ಎತ್ತಿಕೊಂಡು ಶಾಲೆಗೆ ಬರುವ ಹುಡುಗಿಯರೂ ಇದ್ದಾರೆ. ಆ ಹುಡುಗಿಗೆ ಚೀಲ, ತೂಕ, ಕೂಲಿಯ ಲೆಕ್ಕ ಮನೆಯಲ್ಲಿಯೇ ಬಂದಿರುತ್ತದೆ. ಹಲಗೆಯ ಮೇಲಿನ ಲೆಕ್ಕ ಮಾತ್ರ ಬಾರದು. ಅವಳಿಗೆ ಗೊತ್ತಿರುವುದರಿಂದ ಪಾಠ ಆರಂಭಿಸುವವನೇ ನಿಜವಾದ ಶಿಕ್ಷಕ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ನಲಿಕಲಿ ಪದ್ಧತಿ ಆರಂಭವಾಗಿ, ಅನಂತರ ನಾಡಿನಾದ್ಯಂತ ಹಬ್ಬಿತು. ಅದು ಒಳ್ಳೆಯದೇ. ಆದರೆ ಗೋಡೆಯ ತುಂಬ ಬಣ್ಣದ ಕಾರ್ಡುಗಳಿದ್ದು ಮಾಸ್ತರರ ಕೈಯಲ್ಲಿ ಬೆತ್ತವೂ ಇದ್ದರೆ, ಮಗು ನೋಡುವುದು ಬೆತ್ತವನ್ನೇ. ನಮ್ಮೂರ ಮೆಣಸಿನಕಾಯಿಗೆ ಹೆಸರು ಬಂದದ್ದು ಖಾರದಿಂದಲ್ಲ, ಬಣ್ಣದಿಂದ ಎಂಬುದನ್ನು ಇಲ್ಲಿ ನೆನೆಯುವುದು ಉಚಿತ.

ಪಂಜೆಯವರು ತಮಗಿಟ್ಟುಕೊಂಡ ಕಾವ್ಯನಾಮ ‘ಕವಿಶಿಷ್ಯ’. ಅಷ್ಟು ಮಕ್ಕಳಿಗೆ ಕಲಿಸಿದವರು ಕಡೆಯವರೆಗೂ ಶಿಷ್ಯರೆಂದೇ ಕರೆಸಿಕೊಂಡರು. ಕಲಿಯುವ ಮನಸ್ಸುಳ್ಳವನಿಗೆ ಮಾತ್ರ ಕಲಿಸುವ ಅಧಿಕಾರ. ನಮ್ಮಲ್ಲಿ ಹಲವರು ನಾಳೆ ಶಿಕ್ಷಕರಾಗುವವರು. ಅಂಕಲಿಪಿಯ ಮುಂದೆ ಕುಳ್ಳಿರುವುದಕ್ಕೆ ನಾಚದವರು ಅವರಲ್ಲಿ ಕೆಲವರಾದರೂ ಇರಲಿ.