ಎಡ್ಗರ್ ಕಾಡ್: ಕೇಳುವವನ ಪಕ್ಷದ ಗಣಿತಜ್ಞ

ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ರೈತನೊಬ್ಬನಿಗೆ ಬ್ಯಾಂಕಿನ ಸಾಲಕ್ಕೆ ಪಹಣಿ ಬೇಕಾದರೆ ಸರ್ವೆ ನಂಬರು ಹೇಳಿದರೆ ಸಾಕು. ಹೊಲದ ವಿಸ್ತೀರ್ಣ, ಹಕ್ಕುದಾರರ ಹೆಸರು, ಬೆಳೆ, ಋಣಭಾರಗಳನ್ನು ಗಣಕಯಂತ್ರವು ಒಂದೇ ಹಾಳೆಯಲ್ಲಿ ಮುದ್ರಿಸಿಕೊಡುತ್ತದೆ. ಆ ಹಾಳೆಯ ಹಿಂದೆ ಒಬ್ಬ ಆಂಗ್ಲ ಗಣಿತಜ್ಞರ ಜೀವಮಾನದ ಚಿಂತನೆಯಿದೆ. ನಾನು ಕನ್ನಡದ ಅಧ್ಯಾಪಕ. ಗಣಿತ ನನ್ನ ಕ್ಷೇತ್ರವಲ್ಲ. ಆದರೂ ಎಡ್ಗರ್ ಫ್ರಾಂಕ್ ಕಾಡ್ ಅವರ ಜೀವನವನ್ನು ಸಾಹಿತ್ಯದ ವಿದ್ಯಾರ್ಥಿಗಳೂ ಅರಿಯಬೇಕೆಂದು ನನಗೆ ತೋರುತ್ತದೆ. ಅವರು ಕೈಗೆತ್ತಿಕೊಂಡ ಸಮಸ್ಯೆ ಮೂಲತಃ ಭಾಷೆಗೆ ಸಂಬಂಧಿಸಿದ್ದು: ಪ್ರಶ್ನೆಯನ್ನು ಹೇಗೆ ಕೇಳಬೇಕು, ಕೇಳಿದವನಿಗೆ ಎಷ್ಟು ಅಧಿಕಾರ ಸಲ್ಲಬೇಕು?

ಕಾಡ್ ಅವರು 1923ರ ಆಗಸ್ಟ್ 19ರಂದು ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತ್ಯದ ಪೋರ್ಟ್‌ಲೆಂಡಿನಲ್ಲಿ ಜನಿಸಿದರು. ತಂದೆ ಚರ್ಮೋದ್ಯಮಿ, ತಾಯಿ ಶಾಲಾ ಉಪಾಧ್ಯಾಯಿನಿ. ಏಳು ಮಂದಿ ಮಕ್ಕಳಲ್ಲಿ ಇವರೇ ಕಿರಿಯರು. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ ಎರಡನೆಯ ಮಹಾಯುದ್ಧ ನಡೆದಿತ್ತು. ಬ್ರಿಟಿಷ್ ವಾಯುಪಡೆಯನ್ನು ಸೇರಿ ವಿಮಾನ ಚಾಲಕರಾದರು. ಯುದ್ಧಾನಂತರ ಅಮೆರಿಕಕ್ಕೆ ತೆರಳಿ, 1949ರಲ್ಲಿ ಐ.ಬಿ.ಎಂ. ಸಂಸ್ಥೆಯನ್ನು ಸೇರಿದರು. ಸೆನೆಟರ್ ಮೆಕಾರ್ಥಿಯವರ ಕಾಲದ ಭೀತಿಯ ರಾಜಕಾರಣ ಅವರಿಗೆ ಸಹ್ಯವಾಗಲಿಲ್ಲ. 1953ರಲ್ಲಿ ಕೆನಡಾಕ್ಕೆ ಹೊರಟುಹೋದರು. ಕೆಲವು ವರ್ಷಗಳ ನಂತರವೇ ಮರಳಿದರು. ನಾಲ್ವತ್ತು ದಾಟಿದ ಮೇಲೆ, 1965ರಲ್ಲಿ, ಮಿಚಿಗನ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು.

ಅಂದಿನ ಗಣಕಯಂತ್ರಗಳಲ್ಲಿ ದಾಖಲೆಗಳು ಮರದ ಕೊಂಬೆಗಳಂತೆ ಒಂದಕ್ಕೊಂದು ಕಟ್ಟಿಕೊಂಡಿರುತ್ತಿದ್ದವು. ಯಾವ ಕೊಂಬೆಯಿಂದ ಯಾವುದಕ್ಕೆ ಹಾಯಬೇಕೆಂಬ ದಾರಿಯನ್ನು ಬಲ್ಲ ಪರಿಣತನಿಗೆ ಮಾತ್ರ ಉತ್ತರ ದಕ್ಕುತ್ತಿತ್ತು. ದಾಖಲೆಯ ಜೋಡಣೆ ಬದಲಾದರೆ ಅವನು ಬರೆದ ಆದೇಶಗಳೆಲ್ಲ ವ್ಯರ್ಥ. 1970ರ ಜೂನ್ ತಿಂಗಳಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ಕಾಡ್ ಅವರು ಈ ವ್ಯವಸ್ಥೆಯ ಬುಡವನ್ನೇ ಅಲುಗಿಸಿದರು. ದತ್ತಾಂಶವೆಲ್ಲ ಸಾಲು ಕಂಬಗಳ ಸರಳ ಕೋಷ್ಟಕಗಳಲ್ಲಿರಲಿ. ಕೋಷ್ಟಕಗಳ ನಡುವಣ ಸಂಬಂಧ ಅವುಗಳಲ್ಲಿರುವ ಮೌಲ್ಯಗಳಿಂದಲೇ ತಿಳಿಯಲಿ. ಕೇಳುವವನು ತನಗೆ ಏನು ಬೇಕೆಂಬುದನ್ನಷ್ಟೇ ಹೇಳಲಿ, ಅದನ್ನು ತರುವ ದಾರಿಯನ್ನು ಯಂತ್ರವೇ ಕಂಡುಕೊಳ್ಳಲಿ ಎಂಬುದು ಅದರ ಸಾರ.

ಹಳೆಯ ಪದ್ಧತಿಯಿಂದ ವ್ಯಾಪಾರ ಲಾಭಕರವಾಗಿ ನಡೆದಿದ್ದುದರಿಂದ ಅವರ ಸಂಸ್ಥೆಯೇ ಈ ವಿಚಾರವನ್ನು ಬಹುಕಾಲ ತಣ್ಣಗೆ ಕಂಡಿತು. 1974ರಲ್ಲಿ ಹಳೆಯ ಪಂಥದ ಚಾರ್ಲ್ಸ್ ಬ್ಯಾಕ್‌ಮನ್ ಅವರೊಡನೆ ವಿದ್ವತ್ಸಭೆಯಲ್ಲಿ ಕಾಡ್ ಅವರು ವಾದಕ್ಕಿಳಿದರು. ಐ.ಬಿ.ಎಂ. ತನ್ನ ಪ್ರಯೋಗಶಾಲೆಯಲ್ಲಿ ಸಿಸ್ಟಂ ಆರ್ ಎಂಬ ಮಾದರಿಯನ್ನು ನಿರ್ಮಿಸಿತು; ಇಂದು ಜಗತ್ತಿನಲ್ಲೆಲ್ಲ ಬಳಕೆಯಲ್ಲಿರುವ ಎಸ್‌.ಕ್ಯೂ.ಎಲ್. ಎಂಬ ಪ್ರಶ್ನಭಾಷೆ ಹುಟ್ಟಿದ್ದು ಅಲ್ಲಿಯೇ. 1981ರಲ್ಲಿ ಕಾಡ್ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಈ ಭಾಷೆಯಲ್ಲಿ ಅಧಿಕಾರದ ವಿಂಗಡಣೆಯೂ ಇದೆ. ಒಬ್ಬನಿಗೆ ಓದುವ ಅನುಮತಿಯನ್ನು ಮಾತ್ರ ಕೊಟ್ಟು, ಸೇರಿಸುವ, ತಿದ್ದುವ, ಅಳಿಸುವ ಅನುಮತಿಗಳನ್ನು ತಡೆಹಿಡಿಯಬಹುದು. ಹಸ್ತಪ್ರತಿ ಭಂಡಾರದಲ್ಲಿ ಓದುಗನ ಕೈಗೆ ಓಲೆಗರಿಯನ್ನು ಕೊಟ್ಟು ಕಂಠವನ್ನು ಕೊಡದಿರುವಂತೆ ಇದು. ಎಲ್ಲ ಕಂಬಗಳನ್ನೂ ತೋರಿಸದೆ, ತೋರಿಸಬೇಕಾದವನ್ನಷ್ಟೇ ಆಯ್ದ ನೋಟವೊಂದನ್ನು ಕಟ್ಟಿಕೊಡುವುದೂ ಸಾಧ್ಯ.

ಇಂದು ಕೋಷ್ಟಕಗಳ ಮುಂದೆ ಹೊಸ ಪ್ರಶ್ನಕಾರ ಬಂದು ನಿಂತಿದ್ದಾನೆ, ಅವನು ಮನುಷ್ಯನಲ್ಲ. ಕೃತಕ ಬುದ್ಧಿಮತ್ತೆಯ ಏಜೆಂಟ್ ನಮ್ಮ ಮಾತನ್ನು ಕೇಳಿ ತಾನೇ ಎಸ್‌.ಕ್ಯೂ.ಎಲ್. ವಾಕ್ಯ ರಚಿಸಿ ಉತ್ತರ ತರುತ್ತದೆ. ಅದಕ್ಕೆ ತಿದ್ದುವ ಅಧಿಕಾರವೂ ಇದ್ದರೆ, ತಪ್ಪು ತಿಳಿದ ಒಂದು ವಾಕ್ಯದಿಂದ ಸಾವಿರಾರು ಸಾಲುಗಳು ಅಳಿಸಿಹೋಗಬಹುದು. ಆದುದರಿಂದ ಓದುವ ಹಕ್ಕೊಂದನ್ನೇ ಕೊಡುವುದು ವಿವೇಕದ ಮೊದಲ ಹೆಜ್ಜೆ. ಅದೂ ಸಾಲದು. ಓದಿದ ಖಾಸಗಿ ಸಂಗತಿಯನ್ನು ಅದು ಹೊರಗೆ ಹೇಳಬಹುದು. ಮಿತಿಯಿಲ್ಲದ ಪ್ರಶ್ನೆಯಿಂದ ಯಂತ್ರವನ್ನೇ ಬಳಲಿಸಿ ಇತರರ ಕೆಲಸ ಕೆಡಿಸಬಹುದು. ದಾಖಲೆಯೊಳಗೆ ಯಾರೋ ಹುದುಗಿಸಿಟ್ಟ ಮಾತನ್ನು ಒಡೆಯನ ಅಪ್ಪಣೆಯೆಂದು ಭ್ರಮಿಸಬಹುದು. ಪ್ರತ್ಯೇಕ ಪ್ರತಿ, ಆಯ್ದ ನೋಟ, ಕಾಲದ ಮಿತಿ, ಕೇಳಿದ ಪ್ರತಿಯೊಂದು ಪ್ರಶ್ನೆಯ ದಾಖಲೆ ಇವೆಲ್ಲ ಅವಶ್ಯಕವಾಗುವುದು ಈ ಕಾರಣದಿಂದ.

ಇಷ್ಟಾದರೂ ಒಂದು ಅಪಾಯ ಉಳಿಯುತ್ತದೆ: ಪ್ರಶ್ನೆಯನ್ನೇ ತಪ್ಪಾಗಿ ಗ್ರಹಿಸಿ, ತಪ್ಪು ಉತ್ತರವನ್ನು ನಿಸ್ಸಂದೇಹವಾಗಿ ಹೇಳುವುದು. ಇದನ್ನು ಕಾಡ್ ಅವರು ಅರ್ಧ ಶತಮಾನದ ಹಿಂದೆಯೇ ಯೋಚಿಸಿದ್ದರು. 1974ರಲ್ಲಿ ಅವರು ರಾಂದೆವೂ ಎಂಬ ಯೋಜನೆಯನ್ನು ವಿವರಿಸಿದರು. ಸಾಮಾನ್ಯನು ತನ್ನ ಆಡುಮಾತಿನಲ್ಲೇ ಕೇಳಬೇಕು. ಅಸ್ಪಷ್ಟವಾದುದನ್ನು ಯಂತ್ರ ಮರುಪ್ರಶ್ನಿಸಿ ತಿಳಿಯಬೇಕು. ಉತ್ತರ ಹುಡುಕುವ ಮುನ್ನ ತಾನು ಗ್ರಹಿಸಿದ ಪ್ರಶ್ನೆಯನ್ನು ಮತ್ತೆ ಸ್ಪಷ್ಟವಾಗಿ ನುಡಿದು ಕೇಳುವವನ ಒಪ್ಪಿಗೆ ಪಡೆಯಬೇಕು. ಶಿಷ್ಯನ ಸಂದೇಹವನ್ನು ತಾನೊಮ್ಮೆ ಹೇಳಿ ನೋಡಿ, ಆಮೇಲೆ ಉತ್ತರಿಸುವ ಗುರುವಿನ ಕ್ರಮವಿದು. ಇಂದಿನ ಏಜೆಂಟುಗಳ ನಿರ್ಮಾಪಕರಿಗೆ ಇದಕ್ಕಿಂತ ಉತ್ತಮ ಪಾಠವನ್ನು ನಾನು ಕಾಣೆ.

ಕರ್ನಾಟಕದ ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. ಪಹಣಿಯನ್ನು ಯಾರೂ ನೋಡಬಹುದು. ತಿದ್ದುವ ನೌಕರನಾದರೋ ಬೆರಳಚ್ಚು ಕೊಟ್ಟು ತನ್ನ ಗುರುತನ್ನು ಸ್ಥಾಪಿಸಬೇಕೆಂಬ ನಿಯಮ ಮೊದಲಿನಿಂದಲೇ ಬಂತು. ನಾಳೆ ಇಂಥ ಕಡತದ ಮುಂದೆ ಏಜೆಂಟೊಂದನ್ನು ನಿಲ್ಲಿಸಿದರೆ, ಬೆಳಕವಾಡಿಯ ಅಜ್ಜಿಯೊಬ್ಬಳು ತನ್ನ ಹೊಲ ಯಾರ ಹೆಸರಿನಲ್ಲಿದೆಯೆಂದು ಮಧ್ಯವರ್ತಿಯಿಲ್ಲದೆ ಕನ್ನಡದಲ್ಲೇ ಕೇಳಬಹುದು. ಆದರೆ ಆ ಹೆಸರನ್ನು ಬದಲಿಸುವ ಶಕ್ತಿ ಏಜೆಂಟಿಗೆ ಇರಕೂಡದು. ಅಲ್ಲಿ ಒಂದು ಸಾಲು ತಪ್ಪಿದರೆ ಒಂದು ಸಂಸಾರದ ಅನ್ನ ತಪ್ಪುತ್ತದೆ.

ಕಾಡ್ ಅವರು 2003ರ ಏಪ್ರಿಲ್ 18ರಂದು ಫ್ಲಾರಿಡಾದಲ್ಲಿ, ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಪರಿಣತರ ಕೈಯಲ್ಲಿದ್ದ ದಾಖಲೆಯನ್ನು ಕೇಳುವವನ ಬಳಿಗೆ ತಂದ ಕೀರ್ತಿ ಅವರದು. ಆ ದಾಖಲೆ ಕೆಡದಂತೆ ಕಾಯುವ ಹೊಣೆ ಈಗ ನಮ್ಮದು.