ಫಿರಂಗಿ ಮಾಡಿದವನೇ ಕೋಟೆ ಕೊಂಡ

ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ, ಸಮುದ್ರದ ಪಕ್ಕದ ಕಪ್ಪು ಬಂಡೆ ಮೇಲೆ ಬ್ಯಾಂಬರ್ಗ್ ಕೋಟೆ ಇದೆ. ಟಿಕೆಟ್ ತಗೊಂಡ್ರೆ ಯಾರು ಬೇಕಾದರೂ ಒಳಗೆ ಹೋಗಿ ನೋಡಬಹುದು. 1464ರಲ್ಲಿ ಫಿರಂಗಿ ಏಟಿಗೆ ಬಿದ್ದ ಇಂಗ್ಲೆಂಡಿನ ಮೊದಲ ಕೋಟೆ ಅಂತ ಇದಕ್ಕೆ ಹೆಸರು. ಸರಿಯಾಗಿ 430 ವರ್ಷ ಆದಮೇಲೆ, 1894ರಲ್ಲಿ, ಇದನ್ನು ಕೊಂಡವನು ಫಿರಂಗಿಗಳಿಂದಲೇ ಜಗತ್ತಿಗೆ ಹೆಸರಾದ ಇಂಜಿನಿಯರ್ ವಿಲಿಯಂ ಆರ್ಮ್‌ಸ್ಟ್ರಾಂಗ್!

ಆತ ಹುಟ್ಟಿದ್ದು 1810ರಲ್ಲಿ, ನ್ಯೂಕ್ಯಾಸಲ್ ನಗರದಲ್ಲಿ. ಅಪ್ಪ ಧಾನ್ಯದ ವ್ಯಾಪಾರಿ. ಮಗ ವಕೀಲನಾಗಲಿ ಅಂತ ಮನೆಯವರ ಆಸೆ, ಹಾಗೇ ಆಯ್ತು ಕೂಡ. 36 ವಯಸ್ಸಿನವರೆಗೂ ಆತ ವಕೀಲನೇ. (ಬ್ರಾಂಚ್ ತಪ್ಪಾಯ್ತು ಅಂತ ಮೂರನೇ ಸೆಮಿಸ್ಟರ್‌ನಲ್ಲೇ ಅಳೋ ನಾವು ಇದನ್ನು ಗಮನಿಸಬೇಕು.) ಒಂದು ಸಲ ಮೀನು ಹಿಡಿಯಲು ಹೋದಾಗ ನೀರಿನ ಚಕ್ರವೊಂದು ತಿರುಗುವುದನ್ನು ನೋಡಿದ. ಹರಿಯುವ ನೀರಿನ ಶಕ್ತಿಯಲ್ಲಿ ಬಳಕೆಯಾಗೋದು ಸ್ವಲ್ಪವೇ, ಉಳಿದದ್ದೆಲ್ಲ ವ್ಯರ್ಥ ಅನ್ನೋದು ತಲೆಗೆ ಹೊಕ್ಕಿತು. 1846ರಲ್ಲಿ ಊರಿನ ನಲ್ಲಿ ನೀರಿನ ಒತ್ತಡದಿಂದಲೇ ನಡೆಯುವ ಕ್ರೇನ್ ಮಾಡಿ ತೋರಿಸಿದ. ಮರುವರ್ಷ ಕೋರ್ಟ್ ಕೆಲಸ ಬಿಟ್ಟು ಎಲ್ಸ್‌ವಿಕ್‌ನಲ್ಲಿ ಕಾರ್ಖಾನೆ ತೆರೆದ.

ನಮಗೆ ಆತನ ಕೆಲಸಗಳಲ್ಲಿ ತುಂಬಾ ಇಷ್ಟವಾಗೋದು ಹೈಡ್ರಾಲಿಕ್ ಅಕ್ಯುಮುಲೇಟರ್. ಒತ್ತಡ ಬೇಕಂದ್ರೆ ನೀರನ್ನು ಎತ್ತರದ ಗೋಪುರಕ್ಕೆ ಏರಿಸಬೇಕು. ಆದರೆ ನ್ಯೂ ಹಾಲೆಂಡ್ ಅನ್ನೋ ಜಾಗದಲ್ಲಿ ಮರಳು ನೆಲ, ಗೋಪುರ ನಿಲ್ಲಲ್ಲ. ಆರ್ಮ್‌ಸ್ಟ್ರಾಂಗ್ ಗೋಪುರವನ್ನೇ ಕೈಬಿಟ್ಟ. ನಿಂತ ಸಿಲಿಂಡರ್, ಅದರೊಳಗೊಂದು ಪ್ಲಂಜರ್, ಪ್ಲಂಜರ್ ಮೇಲೆ ಭಾರಿ ತೂಕ, ಇಷ್ಟೇ. ಸ್ಟೀಮ್ ಇಂಜಿನ್ ನಿಧಾನವಾಗಿ ನೀರು ತುಂಬಿ ತೂಕವನ್ನು ಎತ್ತುತ್ತೆ. ಕ್ರೇನಿಗೆ ಬೇಕಾದಾಗ ತೂಕ ಕೆಳಗಿಳಿದು ನೀರನ್ನು ತಳ್ಳುತ್ತೆ. ಇ ಅಂಡ್ ಸಿ ಗೆಳೆಯರು ಇದನ್ನು ಕೆಪಾಸಿಟರ್ ಅಂದುಕೊಂಡರೂ ನಡೆಯುತ್ತೆ. ಮುಂದೆ ಲಂಡನ್ನಿನ ಟವರ್ ಬ್ರಿಜ್ ಮೇಲೆದ್ದಿದ್ದೂ ಈತನ ಕಂಪನಿಯ ಹೈಡ್ರಾಲಿಕ್ ಯಂತ್ರಗಳಿಂದಲೇ.

ಇಲ್ಲಿವರೆಗೆ ಎಲ್ಲ ಚೆನ್ನಾಗಿದೆ. ಕ್ರಿಮಿಯಾ ಯುದ್ಧದ ಹೊತ್ತಿಗೆ ಆತ ಹಗುರವಾದ, ಹಿಂದಿನಿಂದ ಗುಂಡು ತುಂಬುವ ಫಿರಂಗಿ ಮಾಡಿದ. ಪೇಟೆಂಟನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟ, 1859ರಲ್ಲಿ 'ಸರ್' ಆದ. ಸರ್ಕಾರದ ಆರ್ಡರ್ ನಿಂತಮೇಲೆ ಹೊರದೇಶಗಳಿಗೆ ಮಾರಾಟ ಶುರು. ಅಮೆರಿಕದ ಅಂತರ್ಯುದ್ಧದಲ್ಲಿ ಎರಡೂ ಕಡೆಯವರಿಗೆ ಮಾರಿದ. ಮಾಡಿಕೊಡೋದು ಇಂಜಿನಿಯರ್ ಕೆಲಸ, ಬಳಸೋ ಹೊಣೆ ದೇಶದ್ದು ಅನ್ನೋದು ಆತನ ನಿಲುವು. ನಮಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ಎರಡೂ ಕಡೆಗೆ ಮಾರಿದವನಿಗೆ ಯಾವ ದೇಶದ ಹೊಣೆ? 1871ರಲ್ಲಿ ದಿನಕ್ಕೆ ಒಂಬತ್ತೇ ಗಂಟೆ ದುಡಿಮೆ ಬೇಕು ಅಂತ ಕಾರ್ಮಿಕರು ಐದು ತಿಂಗಳು ಮುಷ್ಕರ ಮಾಡಿದಾಗಲೂ ಆತ ಎದುರು ನಿಂತ, ಗೆದ್ದಿದ್ದು ಕಾರ್ಮಿಕರು.

ಅದೇ ಮನುಷ್ಯ 1863ರಲ್ಲೇ ಬ್ರಿಟನ್ನಿನ ಕಲ್ಲಿದ್ದಲು ಮುಗಿದುಹೋಗುತ್ತೆ ಅಂತ ಎಚ್ಚರಿಸಿದ್ದ. ಕ್ರ್ಯಾಗ್‌ಸೈಡ್ ಅನ್ನೋ ತನ್ನ ಮನೆಯಲ್ಲಿ ಹಳ್ಳಕ್ಕೆ ಅಡ್ಡಕಟ್ಟೆ ಹಾಕಿ, 1878ರಲ್ಲಿ ಜಲವಿದ್ಯುತ್ತಿನಿಂದ ದೀಪ ಹಚ್ಚಿದ.

ಹೆಂಡತಿ ಮಾರ್ಗರೆಟ್ ತೀರಿಕೊಂಡ ಮರುವರ್ಷ ಆತ ಬ್ಯಾಂಬರ್ಗ್ ಕೊಂಡ. ಹಾಳಾಗಿದ್ದ ಕೋಟೆಯನ್ನು ರಿಪೇರಿ ಮಾಡಿಸಿ, ಕಾಯಿಲೆಯಿಂದ ಚೇತರಿಸಿಕೊಳ್ಳೋರಿಗೆ ಆಸರೆಯ ಮನೆ ಮಾಡೋ ಯೋಚನೆ. ಆದರೆ ಕೆಲಸ ಮುಗಿಯೋ ಮೊದಲೇ, 1900ರ ಡಿಸೆಂಬರ್‌ನಲ್ಲಿ, 90ನೇ ವಯಸ್ಸಿನಲ್ಲಿ ಹೋಗಿಬಿಟ್ಟ. ಮಕ್ಕಳಿರಲಿಲ್ಲ, ಆಸ್ತಿ ಅಕ್ಕನ ಮೊಮ್ಮಗನಿಗೆ ಹೋಯಿತು. ಕೋಟೆ ಇವತ್ತಿಗೂ ಆ ಮನೆತನದ್ದೇ. ಕ್ರ್ಯಾಗ್‌ಸೈಡ್ ಕೂಡ ಈಗ ಪ್ರವಾಸಿಗರಿಗೆ ತೆರೆದಿದೆ. ಯಾವತ್ತಾದರೂ ಆ ಕಡೆ ಹೋದರೆ, ನಾವಂತೂ ಮೊದಲು ನೋಡೋದು ಆ ದೀಪದ ಮನೆಯನ್ನೇ.